ಕಿನ್ನರಿಯ ಅಕ್ಷರ

ಪ್ರೀತಿಯ ಅಣ್ಣನಿಗೆ,

ಪುಟ್ಟಿ ಚೆನ್ನಾಗಿದ್ದಾಳೆ, ಹೊತ್ತುಹೊತ್ತಿಗೆ ಉಣ್ಣುತ್ತಿದ್ದಾಳೆ. ಅತ್ತಿಗೆಗೆ ಇಷ್ಟನ್ನು ಹೇಳು. ಉಳಿದದ್ದು ನಿನಗೆ ಮಾತ್ರ.

ಅಡುಗೆಮನೆಯ ಕಿಟಕಿಯಲ್ಲಿರುವ ಕಿನ್ನರಿಗೆಂದು ಪುಟ್ಟಿ ಬೆಂಕಿಪೊಟ್ಟಣದಲ್ಲಿ ಚೀಟಿ ಇಡುವುದು, ಅತ್ತಿಗೆ ಹಸಿರು ಪೆನ್ಸಿಲಿನಲ್ಲಿ ಉತ್ತರ ಬರೆದಿಡುವುದು ನಿನಗೆ ಗೊತ್ತಲ್ಲ. ಅತ್ತಿಗೆ ಕೈ ಸ್ವಾಧೀನ ತಪ್ಪಿ ಆಸ್ಪತ್ರೆ ಸೇರಿದ ಮೇಲೆ ನಾನೇ ಬರೆಯುತ್ತಿದ್ದೆ. ಸಾಹಿತ್ಯ ಓದಿದವಳೆಂದು ಮಾತಿನ ಕಡೆಗೇ ಗಮನ ಕೊಟ್ಟೆ. ಕೈಬರಹ ಬೇರೆಯಾದೀತೆಂದು ಹೊಳೆಯಲಿಲ್ಲ.

ನಿನ್ನೆ ಪುಟ್ಟಿ ಹಳೆಯ ಚೀಟಿಯನ್ನೂ ಹೊಸದನ್ನೂ ನನ್ನ ಮುಂದೆ ಹಿಡಿದಳು.

"ಅತ್ತೆ, ಕಿನ್ನರಿ ಅಕ್ಷರ ವಾಲ್ಕೊಂಡಿದೆ ನೋಡು. ಅವಳಿಗೂ ಅಮ್ಮನ ಹಾಗೆ ಕೈ ಬರ್ತಿಲ್ವಾ?"

"ಚಳಿಗೆ ನಡುಗಿರಬೇಕು ಕಣೇ."

"ಕಿಟಕಿ ಮುಚ್ಚೇ ಇದ್ಯಲ್ಲ, ಎಲ್ಲಿಂದ ಬಂತು ಚಳಿ?"

ಇವತ್ತು ಬೆಳಗ್ಗೆ ಪೊಟ್ಟಣದಲ್ಲಿ ಹೀಗೆ ಬರೆದಿಟ್ಟಿದ್ದಳು: "ಅಮ್ಮನ್ನ ಆಮೇಲೆ ವಾಸಿ ಮಾಡು. ಮೊದಲು ನೀನು ಹುಷಾರಾಗು."

ನಿಜ ಹೇಳಿಬಿಡೋಣವೆಂದರೆ, ಅಮ್ಮನನ್ನು ವಾಸಿ ಮಾಡಲು ಅವಳು ನಂಬಿರುವುದು ಆ ಕಿನ್ನರಿಯೊಬ್ಬಳನ್ನೇ. ಸುಳ್ಳು ಮುಂದುವರಿಸಲು ನನ್ನ ಅಕ್ಷರ ಬಿಡುವುದಿಲ್ಲ.

ಹಸಿರು ಪೆನ್ಸಿಲನ್ನು ಮೊನೆ ಮಾಡಿ ಇದರೊಂದಿಗೆ ಕಳಿಸಿದ್ದೇನೆ. ಅತ್ತಿಗೆಯ ಬೆರಳಿಗೆ ಅದನ್ನು ಹಿಡಿಯಲಾದರೆ ಪೊಟ್ಟಣಕ್ಕೆಂದು ಒಂದೇ ಒಂದು ಪದ ಬರೆಸಿ ಕಳಿಸು. ಆಗದಿದ್ದರೆ ಒತ್ತಾಯ ಮಾಡಬೇಡ, ಯಾಕೆಂದೂ ಹೇಳಬೇಡ. ಏನು ಮಾಡಲೆಂದು ನನಗಾದರೂ ಬರೆ.

ಅಲ್ಲಿಯವರೆಗೆ ಪೊಟ್ಟಣ ಖಾಲಿ. ಕಿನ್ನರಿ ಮಲಗಿದ್ದಾಳೆಂದು ಪುಟ್ಟಿ ಅಡುಗೆಮನೆಯಲ್ಲಿ ತುದಿಗಾಲಲ್ಲಿ ಓಡಾಡುತ್ತಿದ್ದಾಳೆ. ನಾನು ಪಾತ್ರೆ ಸದ್ದು ಮಾಡಿದರೆ ಬೈಯುತ್ತಾಳೆ.

ನಿನ್ನ ತಂಗಿ