ಅಂಗಡಿಯಿಂದ ಬಂದ ಕಪ್ಪು ರವಿಕೆ

ಹುವೈ ತೋ ಹಳ್ಳಿ, ಮೇ ಸರಿಯಾಂಗ್ ಬೆಟ್ಟ
ಮಾರ್ಚ್ ೯

ನನ್ನ ಹೊಟ್ಟೆಯಲ್ಲೇ ಹುಟ್ಟಿದ ಕ್ಲೇಡೋಗೆ,

ಹೇಗಿದ್ದೀಯ? ಎದೆಯುರಿ ಕಡಿಮೆಯಾಯಿತಾ? ನೀನಿರುವ ಚಿಯಾಂಗ್ ಮಾಯ್‌ನಲ್ಲಿ ಹೊಗೆ ಕವಿದಿದೆಯಂತೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಓಡಾಡು. ಎಷ್ಟೇ ಸಿಟ್ಟಿದ್ದರೂ ನೀನು ಕೆಮ್ಮುವುದು ನನಗೆ ಬೇಡ. ನನ್ನ ಮೊಣಕಾಲು ಇದ್ದ ಹಾಗೇ ಇದೆ. ಕುಶಲ ಇಷ್ಟು ಸಾಕು.

ನಿನ್ನ ಮಗಳು ಪೋವಾಳ ಮದುವೆಗೆಂದು ಬಸ್ಸಿನವನ ಕೈಲಿ ಕಳಿಸಿದ ಕಪ್ಪು ರವಿಕೆ ಬಂತು. ಬೀಜದ ಮಣಿಗಳನ್ನು ಗೋಂದಿನಲ್ಲಿ ಅಂಟಿಸಿದ್ದಾರೆ. ಬಿಚ್ಚುವಾಗಲೇ ಉದುರಿದವು, ಕೋಳಿ ನುಂಗಿತು. ಅಲ್ಲವೋ, ನಮ್ಮ ಕರೆನ್ ಜನರಲ್ಲಿ ಮದುವೆಯ ರವಿಕೆಯನ್ನು ಅಂಗಡಿಯಿಂದ ತರುವುದು ಯಾವಾಗ ಶುರುವಾಯಿತು? ಹುಡುಗಿ ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ತನ್ನ ಕಪ್ಪು ರವಿಕೆಯನ್ನೂ ಗಂಡಿನ ಕೆಂಪು ಅಂಗಿಯನ್ನೂ ತಾನೇ ನೇಯಬೇಕು. ಅದು ಮುಗಿದರೆ ಅವಳು ಒಪ್ಪಿದಳು ಅಂತ. ತೀರಿಕೊಂಡ ನಿನ್ನ ಹೆಂಡತಿ ಒಂದು ಮಳೆಗಾಲವಿಡೀ ನಿನ್ನನ್ನು ಕಾಯಿಸಿದ್ದಳು. "ಅವ್ವಾ, ಇನ್ನೂ ಅರ್ಧವೂ ಆಗಿಲ್ವಂತೆ" ಎಂದು ನನ್ನೆದುರು ಮೂಗು ಸೋರಿಸಿಕೊಂಡು ಅತ್ತವನು ನೀನೇ ಅಲ್ಲವಾ?

ಸಾಲದ್ದಕ್ಕೆ ಫೋನಿನಲ್ಲಿ ಪೋವಾಗೆ ಹುಕುಂ: "ಹಾಕ್ಕೊಂಡು ಫೋಟೋ ಕಳಿಸು, ಟ್ರ್ಯಾಕ್ಟರಿನೋರ ಮನೆಗೆ ತೋರಿಸ್ಬೇಕು." ಮದುವೆಯಾಗದವಳು ಉದ್ದನೆಯ ಬಿಳಿ ಅಂಗಿ ಬಿಟ್ಟು ಕಪ್ಪು ರವಿಕೆ ತೊಟ್ಟರೆ ಇಡೀ ಊರಿಗೆ ದೋಷ ಅನ್ನುವುದು ನಿನಗೆ ಮರೆತೇಹೋಯಿತಾ? ಅಪ್ಪ ಹೇಳಿದನೆಂದು ಮಗು ತೊಟ್ಟಿತು. ನೀನು ಗೊತ್ತು ಮಾಡಿದ ಆ ಟ್ರ್ಯಾಕ್ಟರಿನ ಗಂಡು ಫೋಟೋವನ್ನು ಊರಿಗೆಲ್ಲ ಹಂಚಿದ. ಊರ ಮುಖಂಡನ ಹೆಂಡತಿ ನಲ್ಲಿ ಹತ್ತಿರ, "ಏನೇ ಪೋವಾ, ಊಟಕ್ಕೂ ಕರೀದೆ ಮದ್ವೆ ಆಗ್ಬಿಟ್ಯಾ? ಈಗೆಷ್ಟು ತಿಂಗಳು?" ಅಂದಳು. ಎಲ್ಲರೂ ನಕ್ಕರು. ಹುಡುಗಿ ಕೊಡ ಅಲ್ಲೇ ಬಿಟ್ಟು ಓಡಿಬಂದಳು. ಕೊಡ ತರಲು ನಾನು ಹೋದೆ. "ನಿನ್ನ ಗಂಡ ಕುಡಿದು ನೀನುಡೋ ಹೆಂಗಸರ ಲುಂಗಿ ಸುತ್ಕೊಂಡು ಬೀದಿಗೆ ಬರ್ತಾನಲ್ಲ, ಮೊದ್ಲು ಅದಕ್ಕೆ ದಂಡ ಕಟ್ಟು, ಆಮೇಲೆ ಮಾತಾಡು" ಅಂದೆ. ಈಗ ಅವಳ ಮನೆಗೂ ನಮಗೂ ಮಾತಿಲ್ಲ.

ರವಿಕೆ ಕಳಚಿ ಬಿಸಾಡಿ ಪೋವಾ ಕೇಳಿದಳು: "ಅಜ್ಜೀ, ಇದರೊಳಗೆ ನನ್ನಂಥ ಇಬ್ರು ಹಿಡೀತಾರೆ. ಅಪ್ಪ ಯಾರನ್ನ ನೋಡಿ ತಗೊಂಡ?" ಮಗಳ ಅಳತೆ ಗೊತ್ತಿಲ್ಲದವನು ನೀನು, ಗಂಡು ಹುಡುಕುತ್ತೀಯ! ಅವಳ ಓರಗೆಯವರು ಬಿಳಿ ಅಂಗಿಗೆ ಒಂದು ಕೆಂಪು ಗೆರೆ ಎಳೆದು ಸುಮ್ಮನಾಗುತ್ತಾರೆ. ಇವಳು ಆಮೆಯ ಬೆನ್ನು, ಜೇಡರ ಬಲೆ, ಕಂಡದ್ದನ್ನೆಲ್ಲ ನೇಯುತ್ತಾಳೆ. ದೂರದ ಗದ್ದೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರೂ ಇವಳು ಪೋವಾ ಅಂತ ಗೊತ್ತಾಗುತ್ತದೆ. ಅಂಥವಳನ್ನು ನೀನು ಅಂಗಡಿಯ ಮೊಳೆಗೆ ನೇತುಹಾಕಲು ಹೊರಟೆ.

ದೋಷ ಕಳೆಯಲು ಹಂದಿ ಬಲಿ ಕೊಡಬೇಕೆಂದು ಹಿರಿಯರು ಹೇಳಿದ್ದಾರೆ. ರವಿಕೆ ತರಿಸಿದವನೇ ಬಂದು ಕೊಡಬೇಕು. ಬಾ.

ನಿನ್ನ ಮಡಕೆಯಲ್ಲಿ ಅನ್ನ ತುಂಬಿರಲಿ, ಬುದ್ಧಿಯೂ ಒಂದಿಷ್ಟು ಬರಲಿ.

ಸಿಟ್ಟು ಇಳಿಯದ ನಿನ್ನ ಅವ್ವ,
ಮೂಸೇ

ಮರೆತೆ, ಬಸ್ಸಿನವನು ಹಾರ್ನ್ ಹೊಡೆಯುತ್ತಿದ್ದಾನೆ: ಬರುವಾಗ ಗಂಡಿನ ಕಡೆಯವರನ್ನು ಕರೆತರಬೇಡ. ಅವನ ಅಂಗಿಗೆಂದು ಬಣ್ಣ ಹಾಕಿಟ್ಟ ಕೆಂಪು ನೂಲು ಮುಗಿದುಹೋಯಿತು. ಪೋವಾ ಅಷ್ಟನ್ನೂ ತನ್ನ ಹೊಸ ಬಿಳಿ ಅಂಗಿಗೆ, ಮೊಣಕಾಲಿನಿಂದ ಎದೆಯವರೆಗೆ, ನೇಯ್ದುಕೊಂಡಳು. ಲಾಳಿಗೆ ನೂಲು ಸುತ್ತಿಕೊಟ್ಟವಳು ನಾನು. ಹಂದಿ ಮಾತ್ರ ದೊಡ್ಡದು ತಾ.