ಅಮ್ಮ ದಾರ ಕಚ್ಚುವ ಹಲ್ಲು

ಜೂನ್ ೨, ಸೋಮವಾರ

ಸಕಲ ಗುಟ್ಟುಗಳ ಭಂಡಾರಾಧಿಪತಿಗಳೂ, ಗೆರೆ ಹಾಕಿದ ಹಾಳೆಗಳ ಏಕಮೇವ ಒಡೆಯರೂ, ಇಸ್ತ್ರಿ ಕಾಣದ ಪ್ಯಾಂಟುಗಳ ರಾಶಿಯಡಿ ಸದಾ ಚಿತ್ತೈಸಿರುವವರೂ ಆದ ಶ್ರೀ ದಿನಚರಿ ಮಹಾಪ್ರಭುಗಳ ಪಾದಕಮಲಗಳಿಗೆ, ಗುಂಡಿ ಹಚ್ಚುವ ಇಲಾಖೆಯ ಕಿರಿಯ ಅಧಿಕಾರಿಣಿಯ ದೀರ್ಘದಂಡ ನಮಸ್ಕಾರಗಳು.

ಇಂದಿನ ವರದಿ. ಸ್ಕೂಲ್ ಯೂನಿಫಾರ್ಮ್ ರಾಶಿ ಕರಗಿಲ್ಲ. ಅಮ್ಮನ ಹಲ್ಲುನೋವೂ ಇಳಿದಿಲ್ಲ. ಮೇಲಿನ ಸಾಲಿನ ಮುಂದಿನ ಹಲ್ಲು. ಟೇಲರಿಂಗ್ ಶುರು ಮಾಡಿದಾಗಿನಿಂದ ದಾರ ತುಂಡರಿಸುವುದು ಅದರಲ್ಲೇ. ಕತ್ತರಿ ಮಂಡಿಯ ಮೇಲಿದ್ದರೂ ಬಾಯಿಯೇ ಬೇಕು. ದಾರ ಸವೆಸಿ ಸವೆಸಿ ಹಲ್ಲಿನ ತುದಿಯಲ್ಲಿ ಗುಂಡುಪಿನ್ನು ಕೂರುವಷ್ಟು ಕಚ್ಚು ಬಿದ್ದಿತ್ತು. ಈಗ ಅಲ್ಲಿಂದಲೇ ಬಿರುಕು.

ಅಮ್ಮನಿಗೆ ಹಲ್ಲಿನ ಡಾಕ್ಟರೆಂದರೆ ಕೈಕಾಲು ತಣ್ಣಗಾಗುತ್ತದೆ. ಚಿಕ್ಕವಳಿದ್ದಾಗ ಇಬ್ಬರು ಅದುಮಿ ಹಿಡಿದು, ಇಂಜೆಕ್ಷನ್ನಿನ ಜೋಮು ಹಿಡಿಯುವ ಮೊದಲೇ ಒಂದು ಹಲ್ಲು ಕಿತ್ತಿದ್ದರಂತೆ. ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದರೂ ಯಾರೂ ನಿಲ್ಲಿಸಲಿಲ್ಲವಂತೆ. ಆದರೂ ಇವತ್ತು ಗಟ್ಟಿ ಮನಸ್ಸು ಮಾಡಿ ಕ್ಲಿನಿಕ್ಕಿಗೆ ಫೋನ್ ಮಾಡಿದಳು. ಗುರುವಾರ ಸಂಜೆ.

"ಇಬ್ಬರ ಹೆಸರೂ ಬರೆಸಿದೀನಿ ಕಣೇ. ನೀನು ಜೊತೆಗಿದ್ರೆ ನಂಗೆ ಧೈರ್ಯ. ನಿನ್ನದೂ ಒಂದ್ಸಲ ನೋಡಿಬಿಡ್ಲಿ."

ನನ್ನ ಹಲ್ಲುಗಳು ವಜ್ರಸಮಾನ, ತಪಾಸಣೆ ಅನಗತ್ಯ ಎಂದು ಘೋಷಿಸಿದೆ. ಘೋಷಣೆಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜೂನ್ ೫, ಗುರುವಾರ

ಮಹಾಪ್ರಭುಗಳೇ, ಇಂದು ರಂಗಪ್ರವೇಶ.

ಅಮ್ಮ ತಲೆ ಬಾಚಿ, ಚಪ್ಪಲಿ ಹಾಕಿಕೊಂಡು, ಬೀಗದ ಕೈ ಹುಡುಕುತ್ತ ಹೊರಟು ನಿಂತಿದ್ದಳು. ಅಷ್ಟರಲ್ಲಿ ನಾನು ಸಜ್ಜಾಗಿದ್ದೆ. ತೋಳು ಗಿಡ್ಡ ಮಾಡಲು ಬಂದಿದ್ದ ಹೋಟೆಲ್ ಅಡುಗೆಯವರ ಬಿಳಿ ಕೋಟು ಮೈಮೇಲೆ, ಅಳತೆ ಟೇಪು ಕೊರಳಲ್ಲಿ, ಹೊಲಿಗೆ ಬಿಚ್ಚುವ ಕೊಕ್ಕೆ ಕೈಯಲ್ಲಿ. ಪ್ಲಾಸ್ಟಿಕ್ ಕುರ್ಚಿಯನ್ನು ಮೋಟಾರ್ ಮಷೀನಿನ ಪಕ್ಕ ಎಳೆದು, ಬಟ್ಟೆಯಿಲ್ಲದೆ ಪೆಡಲ್ ಪೂರ್ತಿ ಒತ್ತಿದೆ. ಜುಂಯ್ಯ್—

"ಬಾಯಿ ತೆರೀರಿ ತಾಯಿ. ನೋವಾದ್ರೆ ಕೂಗಿ. ಯಾರೂ ನಿಲ್ಸಲ್ಲ."

ಪ್ಯಾಂಟು ಒಯ್ಯಲು ಬಂದಿದ್ದ ಪೋಸ್ಟ್‌ಮ್ಯಾನ್ ಬಿದ್ದು ಬಿದ್ದು ನಕ್ಕರು. ಅಮ್ಮನೂ ನಕ್ಕಳು. ಎಲ್ಲರಿಗಿಂತ ಜಾಸ್ತಿ ನಕ್ಕಳು. ಆಮೇಲೆ ನೀರು ಕುಡಿಯಲು ಲೋಟ ಎತ್ತಿದಳು… ಅರ್ಧ ನೀರು ಚಪ್ಪಲಿಯ ಮೇಲೆ.

ಯೂನಿಫಾರ್ಮ್ ಮುಗಿಯಲಿ, ಆಮೇಲೆ ನೋಡೋಣ ಎಂದಳು. ಚಪ್ಪಲಿ ಬಿಚ್ಚಿದಳು.

ಎರಡೂ ಹೆಸರು ಹೊಡೆದುಹಾಕಿ ಎಂದು ಕ್ಲಿನಿಕ್ಕಿಗೆ ಫೋನ್ ಮಾಡಿದ್ದು ನಾನೇ. ಈ ಅಂಗಡಿಯಲ್ಲಿ ಅಷ್ಟು ಚುರುಕಾಗಿ ನಾನು ಯಾವ ಕೆಲಸವನ್ನೂ ಮಾಡಿದ್ದಿಲ್ಲ.

ಜೂನ್ ೧೦, ಮಂಗಳವಾರ

ಪ್ರದರ್ಶನಕ್ಕೆ ಬೇಡಿಕೆ ಬಂದಿದೆ. ಗಿರಾಕಿಗಳು ಬಂದರೆ ಅಮ್ಮನೇ, "ಆ ಡಾಕ್ಟರ್ ಆಟ ಆಡಿ ತೋರ್ಸೇ" ಎನ್ನುತ್ತಾಳೆ. 'ಯಾರೂ ನಿಲ್ಸಲ್ಲ' ಎಂಬ ಮಾತನ್ನು ಈಗ ಅವಳೇ ಮೊದಲು ಹೇಳಿ ನಗುತ್ತಾಳೆ. ನಕ್ಕು ಮುಗಿಸಿ ಒಂದು ನೋವಿನ ಮಾತ್ರೆ ನುಂಗುತ್ತಾಳೆ.

ಪೋಸ್ಟ್‌ಮ್ಯಾನ್ ಐಸ್‌ಕ್ರೀಮ್ ತಂದುಕೊಟ್ಟರು, ಕಲಾವಿದೆಗೆ ಸನ್ಮಾನವಂತೆ. ನಾನು ವೈರಾಗ್ಯದಲ್ಲಿದ್ದೇನೆ ಎಂದು ಹೇಳಿ ಅವರಿಗೇ ತಿನ್ನಿಸಿದೆ.

ಜೂನ್ ೨೩, ಸೋಮವಾರ

ಬರೆಯಲಿಲ್ಲ. ಬರೆಯುವ ಹಾಗಿರಲಿಲ್ಲ.

ಶನಿವಾರ ಅಮ್ಮನ ತುಟಿ ಊದಿತು. ನಿನ್ನೆ ಕಣ್ಣಿನ ಕೆಳಗಿನವರೆಗೂ. ಜ್ವರ. ಪಿನ್ನು ಕಚ್ಚಿಕೊಳ್ಳಲು ಆಗದೆ ಅಂಗೈಯಲ್ಲಿಟ್ಟುಕೊಂಡು ಹೊಲಿಯಲು ಕೂತಿದ್ದಳು. ಬೆಳಿಗ್ಗೆ ಮಷೀನಿಗೆ ಹೊದಿಕೆ ಹಾಕಿ, "ನಡಿ, ಹೋಗೋಣ" ಎಂದಳು. ತಾನಾಗಿಯೇ.

ಡಾಕ್ಟರಮ್ಮ ಮೆಲುದನಿಯವರು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಈ ತಿಂಗಳ ಮೊದಲಲ್ಲೇ ಬಂದಿದ್ದರೆ ಬೇರು ಶುಚಿ ಮಾಡಿ, ಮೇಲೊಂದು ಕ್ಯಾಪ್ ಕೂರಿಸಿ ಉಳಿಸಬಹುದಿತ್ತಂತೆ. ಈಗ ಬಿರುಕು ಬೇರಿನವರೆಗೂ ಇಳಿದಿದೆ, ಕೀವಾಗಿದೆ. ಇವತ್ತು ಕೀವು ತೆಗೆದು, ಮಾತ್ರೆ ಬರೆದುಕೊಟ್ಟರು. ಶುಕ್ರವಾರ ಹಲ್ಲು ಕೀಳಬೇಕು.

"ಹೆಸರು ಬರೆಸಿ ಯಾಕಮ್ಮ ಬರ್ಲಿಲ್ಲ?"

"ಯೂನಿಫಾರ್ಮ್ ಸೀಸನ್ನು ಡಾಕ್ಟ್ರೇ."

ಅಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಜೂನ್ ೨೭, ಶುಕ್ರವಾರ

ಕುರ್ಚಿ ಕಂಡ ಕೂಡಲೇ ಅಮ್ಮ ಬಾಗಿಲಲ್ಲೇ ನಿಂತುಬಿಟ್ಟಳು. ಒಳಗೂ ಬರಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

"ನಿಲ್ಸಿ ಅಂದ್ರೆ ನಿಲ್ಲಿಸ್ತೀರಾ?"

"ಎಡಗೈ ಎತ್ತಿ, ಅಷ್ಟೇ. ಅರ್ಧದಲ್ಲಿದ್ರೂ ನಿಲ್ಲಿಸ್ತೀನಿ. ಬೇಕಾದ್ರೆ ಮೊದ್ಲು ಪರೀಕ್ಷೆ ಮಾಡಿ ನೋಡಿ."

ಅಮ್ಮ ಪರೀಕ್ಷೆ ಮಾಡಿಯೇಬಿಟ್ಟಳು. ಡಾಕ್ಟರಮ್ಮ ಬರೀ ಪುಟ್ಟ ಕನ್ನಡಿಯನ್ನು ಬಾಯೊಳಗಿಟ್ಟರು, ಅಮ್ಮ ಕೈ ಎತ್ತಿದಳು, ಅವರು ತೆಗೆದರು. ಮತ್ತೆ ಇಟ್ಟರು, ಮತ್ತೆ ಎತ್ತಿದಳು, ಮತ್ತೆ ತೆಗೆದರು. ಸುಮ್ಮನೆ ಆಟವಾಡುತ್ತಿದ್ದಾಳೆ ಎಂದು ಅವರು ಒಮ್ಮೆಯೂ ಗದರಲಿಲ್ಲ. ಹೀಗೂ ಒಂದು ಡಾಕ್ಟರ್ ಆಟವಿದೆ. ನನಗೆ ಹೊಳೆದಿರಲಿಲ್ಲ.

ಇಂಜೆಕ್ಷನ್. ಕಾಯುವುದು. ಆಮೇಲೆ ಹಲ್ಲು ಕೊರೆಯುವ ಆ ಸದ್ದು— ನಮ್ಮ ಮಷೀನಿನದೇ ಸದ್ದು. ಮೂಲೆಯ ಸ್ಟೂಲಿನ ಮೇಲೆ ಕಿವಿ ಮುಚ್ಚಿ ಕೂತವಳು ನಾನು. ಅಮ್ಮನ ಎಡಗೈ ಮೇಲೆದ್ದಿತು. ಸದ್ದು ನಿಂತಿತು. ಯಾರೂ ಅವಸರ ಮಾಡಲಿಲ್ಲ. ಅಮ್ಮ ಉಸಿರು ಎಳೆದುಕೊಂಡಳು, ಬಿಟ್ಟಳು, ಕೈಯನ್ನು ತಾನೇ ಕೆಳಗಿಳಿಸಿದಳು.

ಮುಗಿದ ಮೇಲೆ ಕನ್ನಡಿ ಕೇಳಿ, ಒಸಡಿನ ಹೊಲಿಗೆ ನೋಡಿ, ತೊದಲುತ್ತ, "ಟಾಕಾ ದೂರ ದೂರ ಬಿದ್ದಿದೆ" ಎಂದಳು. ಡಾಕ್ಟರಮ್ಮ ಗೌರವದಿಂದ ಒಪ್ಪಿಕೊಂಡರು.

ದಾರಿಯಲ್ಲಿ ಬಾಯಿಗೆ ಹತ್ತಿ ಒತ್ತಿಕೊಂಡೇ ಕೇಳಿದಳು: "ಇಷ್ಟೇನಾ? ಇಷ್ಟಕ್ಕಾ ನಾನು…"

ನಾನು ಮಾತ್ರೆಯ ಚೀಟಿಯನ್ನು ಮಡಚಿ ಮಡಚಿ ಗುಂಡಿಯಷ್ಟು ಚಿಕ್ಕದು ಮಾಡಿದೆ.

ಜುಲೈ ೪, ಶುಕ್ರವಾರ

ಅಮ್ಮ ಕೆಲಸಕ್ಕೆ ಕೂತಿದ್ದಾಳೆ. ದಾರ ಬಾಯಿಯ ಹತ್ತಿರ ಹೋಗುತ್ತದೆ, ನಿಲ್ಲುತ್ತದೆ, ಕತ್ತರಿಗೆ ಬರುತ್ತದೆ. ಪ್ರತಿ ಸಲವೂ. ಪ್ರತಿ ಸಲವೂ ನಾನು ಗುಂಡಿ ಡಬ್ಬಿಯೊಳಗೆ ಏನೋ ಹುಡುಕುತ್ತೇನೆ. ಈಗ ನಗುವಾಗ ಟೇಪಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿಯುತ್ತಾಳೆ. ಕಚ್ಚು ಬಿದ್ದ ಆ ಹಲ್ಲು ಇಟ್ಟುಕೊಂಡೇ ಇಷ್ಟು ವರ್ಷ ಬಾಯ್ತುಂಬ ನಕ್ಕವಳು.

ಪೋಸ್ಟ್‌ಮ್ಯಾನ್ ಬಂದು ಡಾಕ್ಟರ್ ಆಟ ಕೇಳಿದರು. ಮೋಟಾರ್ ಕೆಟ್ಟಿದೆ ಎಂದೆ. ಅವರ ಎದುರಿಗೇ ಅಮ್ಮ ಅದೇ ಮಷೀನಿನಲ್ಲಿ ಅವರದೇ ಕಾಲರ್ ಹೊಲಿಯುತ್ತಿದ್ದಳು.

ಅವರು ಹೋದ ಮೇಲೆ ಅಮ್ಮ ತಲೆ ಎತ್ತದೆ ಹೇಳಿದಳು: "ನಿನ್ನ ಹೆಸರು ಮತ್ತೆ ಬರೆಸ್ಲೇನೇ? ಈ ಸಲ ನಿಂಗೆ ಧೈರ್ಯಕ್ಕೆ ನಾನು ಬರ್ತೀನಿ."

ವಜ್ರ, ವಜ್ರ ಎಂದೆ.

ಜುಲೈ ೬, ಭಾನುವಾರ

ಮಹಾಪ್ರಭುಗಳೇ—

ಬೇಡ. ಬರೀ ದಿನಚರಿ ಸಾಕು.

ಆ ಗುರುವಾರದ್ದು ತಮಾಷೆಯಾಗಿರಲಿಲ್ಲ. ಅಮ್ಮ ಹೋಗಿದ್ದರೆ ಜೊತೆಗೆ ನಾನೂ ಬಾಯಿ ತೆರೆಯಬೇಕಿತ್ತು. ಬಲಗಡೆ, ಕೆಳಗೆ, ಕೊನೆಯ ಹಲ್ಲು. ಮೇ ತಿಂಗಳಿಂದ ನೋವಿದೆ. ಈಗಲೂ ಎಡಗಡೆಯೇ ಅಗಿಯುತ್ತಿದ್ದೇನೆ.