ಒಂದು ಟಿಕೆಟ್ ಕಡಿಮೆ

ಜುಲೈ 16, ಗುರುವಾರ

ಹನ್ನೊಂದಕ್ಕೇ ಮೊದಲನೆಯವನು ಇಳಿದು ಬಂದ. ಜರ್ಮನ್. ಓಡಿಕೊಂಡೇ ಬಂದಿದ್ದ. ಹದಿನಾರು ಕಿಲೋಮೀಟರ್ ಕಣಿವೆಯಲ್ಲಿ ಏನು ನೋಡಿದೆ ಎಂದು ಕೇಳಿದರೆ ಕೈಗಡಿಯಾರ ತೋರಿಸಿದ. ಕೊನೆಯವರು ನಾಲ್ಕೂವರೆಗೆ. ಗಂಡ ಹೆಂಡತಿ, ಮಾತು ಬಿಟ್ಟಿದ್ದರು. ಯಾವಾಗಲೂ ಇದೇ ಕಥೆ. ಬೆಟ್ಟದ ನೆತ್ತಿಯಲ್ಲಿ ಮುತ್ತು ಕೊಟ್ಟು ಫೋಟೊ ತೆಗೆಸಿಕೊಂಡವರು ಕೆಳಗೆ ಬರುವಷ್ಟರಲ್ಲಿ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ.

ಅರಣ್ಯ ಇಲಾಖೆಯ ಹೊಸ ಹುಡುಗ ಬಂದಿದ್ದ, ಇಸ್ತ್ರಿ ಮಾಡಿದ ಪ್ಯಾಂಟು. ನಿಮ್ಮ ಕೆಲಸ ಏನೆಂದು ವಿವರಿಸಿ ಎಂದ. ವಿವರಿಸಿದೆ. ಮೇಲಿನ ಗೇಟಿನಲ್ಲಿ ಸಿಫಿಸ್ ಟಿಕೆಟ್ ಕೊಡುತ್ತಾನೆ. ಕೆಳಗಿನ ಗೇಟಿನಲ್ಲಿ ನಾನು ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಹೊರಗೆ ಬಂದರು. ಒಂದು ಕಡಿಮೆಯಾದರೆ ದಾರಿಯಲ್ಲಿನ ನೀರಿನ ಚಿಲುಮೆಯವರೆಗೆ ಹತ್ತಿ, ಕೂಗಿ, ನೋಡಿ ಬರಬೇಕು. ಹೋಗಿಬರಲು ಎರಡು ಗಂಟೆ. "ಯಾರಾದರೂ ಸಿಕ್ಕಿದ್ದಾರಾ?" ಎಂದ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಸಿಕ್ಕಿದ್ದ, ಮರದ ಕೆಳಗೆ ಗೊರಕೆ ಹೊಡೆಯುತ್ತಿದ್ದ ಎಂದೆ. ಮಿಕ್ಕವರೆಲ್ಲ ಟಿಕೆಟ್ ಕಳೆದುಕೊಂಡವರು, ಇಲ್ಲವೇ ಅರ್ಧ ದಾರಿಯಿಂದ ಮೇಲಕ್ಕೇ ಹಿಂತಿರುಗಿದವರು.

ಇವತ್ತು 388. 388. ತಾಳೆ.

ಹೆಂಡತಿ ಅರ್ಗಿರೋ ಗೇಟಿನ ಪಕ್ಕದ ತನ್ನ ಜ್ಯೂಸ್ ಅಂಗಡಿ ಮುಚ್ಚುತ್ತಾ ರೇಗಿಸಿದಳು — "ಎಣಿಸಿ ಎಣಿಸಿ ನಿನಗೆ ಅದೇ ಚಟ. ಒಂದಿನ ನಾನು ಮನೆಯೊಳಗೆ ಬರುವಾಗಲೂ ಟಿಕೆಟ್ ಕೇಳ್ತೀಯ."

ಸಿಫಿಸನ ಫೋನು, ಇವತ್ತು ನಾಲ್ಕನೇ ಸಲ. "ಅಣ್ಣಾ, ಶನಿವಾರ ಸಂಜೆ ಏಳಕ್ಕೆ ನಾಮಕರಣ. ಬೆಳ್ಳಿ ಶಿಲುಬೆ ತಂದ್ಯಾ? ಬಿಳಿ ಬಟ್ಟೆ? ಎಣ್ಣೆ?" ತಂದೆ ಮಾರಾಯ, ಎಲ್ಲಾ ತಂದೆ. ಅವನ ಮಗಳು ಹುಟ್ಟಿ ಒಂದು ವರ್ಷ. ಎರಡು ಗಂಡಾದ ಮೇಲೆ ಹುಟ್ಟಿದವಳು. ಅವಳಿಗೆ ಧರ್ಮಪಿತ ನಾನು. ಮಕ್ಕಳಿಲ್ಲದ ನನಗೆ ಅವನು ಕೊಟ್ಟ ಮಗು ಎಂದೇ ನನ್ನ ಲೆಕ್ಕ.

ಜುಲೈ 19, ಭಾನುವಾರ, ಬೆಳಿಗ್ಗೆ

ಎರಡು ದಿನ ಬರೆಯಲಾಗಲಿಲ್ಲ. ತಲೆ ಭಾರ. ಸಿಫಿಸನ ಅಪ್ಪ ಭಟ್ಟಿ ಇಳಿಸಿದ ರಾಕಿ...

ನಾಮಕರಣ ಚೆನ್ನಾಗಿ ಆಯಿತು. ಎಣ್ಣೆ ಹಚ್ಚಿದ ಮಗು ಕೈಯಿಂದ ಜಾರುತ್ತಿತ್ತು. ಹೆದರಿ ಎದೆಗೊತ್ತಿಕೊಂಡೆ. ಹೊಸ ಅಂಗಿ ಹಾಳು. "ಹೆಸರು?" ಎಂದರು ಪಾದ್ರಿ. ಇಡೀ ಚರ್ಚು ಗಪ್‌ಚಿಪ್. ಧರ್ಮಪಿತ ಬಾಯಿಬಿಟ್ಟು ಹೇಳುವವರೆಗೆ ಮಗುವಿಗೆ ಹೆಸರಿಲ್ಲ, ಹೆತ್ತವರೂ ಹೇಳುವ ಹಾಗಿಲ್ಲ. ಗರಿಫಲಿಯಾ ಎಂದೆ. ಸಿಫಿಸನ ಅಮ್ಮನ ಹೆಸರು. ಮುದುಕಿ ಅತ್ತೇಬಿಟ್ಟಳು. ನಾನೂ.

ಇನ್ನೊಂದು ವಿಷಯ. ಬರೆದಿಡಬೇಕು.

ನಿನ್ನೆ ಒಳಗೆ ಹೋದವರು 403. ನನ್ನ ಕೈಗೆ ಬಂದ ಟಿಕೆಟ್ 402. ಮೂರು ಸಲ ಎಣಿಸಿದೆ. ಐದು ಗಂಟೆ ಐದು ನಿಮಿಷ. ಕೊನೆಯ ದೋಣಿ ಐದೂವರೆಗೆ. ನಮ್ಮೂರಿಗೆ ರಸ್ತೆ ಇಲ್ಲ, ದೋಣಿ ತಪ್ಪಿದರೆ ಪಟ್ಟಣ ಇಲ್ಲ, ನಾಮಕರಣ ಇಲ್ಲ. ಸಿಫಿಸನಿಗೆ ಫೋನ್ ಮಾಡಿದೆ. ಅವನು ಮಧ್ಯಾಹ್ನವೇ ಮೇಲಿನ ಗೇಟು ಬಿಟ್ಟು ಪಟ್ಟಣಕ್ಕೆ ಇಳಿದಿದ್ದ.

"ಒಂದು ತಾನೆ? ವಾಪಸ್ ಮೇಲಕ್ಕೆ ಹೋಗಿರ್ತಾರೆ ಬಿಡಣ್ಣಾ. ನೋಡೋಕೆ ಅಲ್ಲಿ ನಾನೆಲ್ಲಿದ್ದೆ?"

"ಚಿಲುಮೆವರೆಗೆ ಹೋಗಿ ಬರ್ಬೇಕಲ್ಲೋ."

"ಹೋಗು. ಪಾದ್ರಿ ಮಗೂನ ನೀರಲ್ಲಿ ಹಿಡ್ಕೊಂಡೇ ನಿಂತಿರ್ತಾರೆ, ನೀನು ನಾಳೆ ಬಾ."

403 ಎಂದು ಬರೆದೆ. ಪಕ್ಕದಲ್ಲಿ 403 ಎಂದು ಬರೆದೆ. ದೋಣಿಗೆ ಓಡಿದೆ.

ಜುಲೈ 20, ಸೋಮವಾರ

ಟಿಕೆಟ್‌ಗಳ ಮೇಲೆ ನಂಬರ್ ಇರುತ್ತದೆ. ಜೋಡಿಸಿ ನೋಡಿದೆ. ಇಲ್ಲದ್ದು 271. ಸಿಫಿಸನಿಗೆ ಯಾರೆಂದು ನೆನಪಿಲ್ಲ. ದಿನಕ್ಕೆ ನಾನೂರು ಮುಖ, ಅವನ ತಪ್ಪೇನು.

ಭಾನುವಾರ ನಾನೂರು ಜನ ಅದೇ ದಾರಿಯಲ್ಲಿ ಇಳಿದರು, ಇವತ್ತು ಇನ್ನೂ ನಾನೂರು. ಯಾರಾದರೂ ಬಿದ್ದಿದ್ದರೆ ನೋಡುತ್ತಿದ್ದರು, ಕೂಗು ಕೇಳುತ್ತಿತ್ತು. ಏನೂ ಇಲ್ಲ. ಸೋಮವಾರ ಹಿಂದಿನ ವಾರದ ಟಿಕೆಟ್ ಸುಡುವುದು ಪದ್ಧತಿ. ಸುಟ್ಟೆ.

ಜುಲೈ 21, ಮಂಗಳವಾರ

ಪಟ್ಟಣದಿಂದ ಸಾರ್ಜೆಂಟ್ ಬಂದ. ಡಚ್ ಹೆಂಗಸು, ವಿಲ್ಮಾ, ಅರವತ್ತೊಂದು ವರ್ಷ, ಒಬ್ಬಳೇ. ಶನಿವಾರ ಬೆಳಿಗ್ಗೆ ಮೇಲಿನ ಗೇಟಿಗೆ ಬಸ್ಸು ಹತ್ತಿದ್ದಾಳೆ. ಬಾಡಿಗೆ ಕೋಣೆಯಲ್ಲಿ ಪಾಸ್‌ಪೋರ್ಟ್ ಇದೆ, ಮಾತ್ರೆ ಇದೆ, ನೀರಿನಲ್ಲಿ ನೆನೆಹಾಕಿದ ಬಟ್ಟೆ ಇದೆ. ಅವಳಿಲ್ಲ. ಮನೆಯೊಡತಿ ಮೂರು ದಿನ ಕಾದು ದೂರು ಕೊಟ್ಟಳಂತೆ.

ಸಾರ್ಜೆಂಟ್ ನನ್ನ ಪುಸ್ತಕ ತೆರೆದ. 403ರ ಮೇಲೆ ಬೆರಳಿಟ್ಟ. ಪಕ್ಕದ 403ರ ಮೇಲೆ ಬೆರಳಿಟ್ಟ.

"ಸರಿ ಹಾಗಾದ್ರೆ. ಹೊರಗೆ ಬಂದಿದಾಳೆ. ಸೆಕೆ ಅಂತ ಸಮುದ್ರಕ್ಕೆ ಇಳಿದಿರ್ತಾಳೆ. ಈ ವಯಸ್ಸಲ್ಲಿ, ಅಷ್ಟು ನಡೆದು, ತಣ್ಣೀರಿಗೆ... ಎದೆ ನಿಂತಿರುತ್ತೆ."

ನಾನು ಬಾಯಿ ತೆರೆದೆ. ಕಾಫಿ ಕುಡೀತೀಯಾ ಎಂದು ಕೇಳಿದೆ.

ಮಧ್ಯಾಹ್ನದಿಂದ ಎರಡು ದೋಣಿ ತೀರದುದ್ದಕ್ಕೂ ಹುಡುಕುತ್ತಿವೆ. ಗೇಟಿನಿಂದ ಕಾಣುತ್ತವೆ. ಒಂದು ಆ ಕಡೆ, ಒಂದು ಈ ಕಡೆ. ಅವಳು ಎಲ್ಲಿಲ್ಲವೋ ಅಲ್ಲಿ.

ಜುಲೈ 22, ಬುಧವಾರ

ಬೆಳಕು ಹರಿಯುವ ಮೊದಲೇ ಹತ್ತಿದೆ. ಚಿಲುಮೆ ದಾಟಿ, ಕಣಗಿಲೆ ಪೊದೆಗಳ ತಿರುವಿನವರೆಗೆ. ಹೆಸರು ಹಿಡಿದು ಕೂಗಿದೆ. ವಿಲ್ಮಾ. ನನ್ನದೇ ದನಿ ಬಂಡೆಗೆ ಬಡಿದು ವಾಪಸ್ ಬಂತು. ಕಾಡುಮೇಕೆ ಎರಡು ನಿಂತು ನೋಡಿ ಹೋದವು. ಹನ್ನೊಂದಕ್ಕೆ ಗೇಟಿನಲ್ಲಿ ಇರಲೇಬೇಕಲ್ಲ, ಓಡಿ ಇಳಿದೆ. ಪಕ್ಕದ ಕೊರಕಲುಗಳು ಎಷ್ಟೋ ಇವೆ. ಒಂದೊಂದಕ್ಕೆ ಅರ್ಧ ದಿನ ಬೇಕು. ಒಬ್ಬನಿಂದ ಆಗದ ಕೆಲಸ. ಗೊತ್ತಿದ್ದೂ ಒಬ್ಬನೇ ಹೋಗುತ್ತಿದ್ದೇನೆ.

ಸಾರ್ಜೆಂಟನ ಫೋನು: ಶಾಸ್ತ್ರಕ್ಕಿರಲಿ, ಶುಕ್ರವಾರ ನಾಯಿ ತಂಡ ಬರುತ್ತದೆ, ಕಣಿವೆಗೂ ಒಮ್ಮೆ ಬಿಡೋಣ ಎಂದ. ಉಸಿರು ಬಂತು. ನಾನು ಬಾಯಿ ಬಿಡದಿದ್ದರೂ ನಾಯಿ ಮೂಸಿ ಹಿಡಿಯುತ್ತದೆ. ನಾಯಿಯ ಮೇಲೆ ಭಾರ ಹಾಕಿ ಕೂತಿದ್ದೇನೆ, ನಾಚಿಕೆಗೆಟ್ಟವನು.

ಸಿಫಿಸನಿಗೆ ಹೇಳಿದೆ, ನಿಜ ಹೇಳಿಬಿಡೋಣ ಎಂದು.

"ಏನಂತ ಹೇಳ್ತೀಯ? ನಾನು ಗೇಟು ಬಿಟ್ಟು ಹೋಗಿದ್ದೆ, ನೀನು ಸುಳ್ಳು ಬರೆದೆ ಅಂತಲಾ? ಇಬ್ರೂ ಜೈಲಿಗೆ ಹೋಗ್ತೀವಿ. ಮೂರು ಮಕ್ಕಳಿವೆ ಅಣ್ಣಾ. ಅದರಲ್ಲೊಂದು ನಿಂದು."

"ಜೀವ ಇದ್ರೆ?"

"ಐದು ದಿನ, ಈ ಬಿಸಿಲಿಗೆ? ಇರಲ್ಲ. ಹೋದೋಳು ಹೋದಳು. ಶುಕ್ರವಾರ ನಾಯಿ ಬರುತ್ತಲ್ಲ, ಬಾಯಿ ಮುಚ್ಕೊಂಡಿರು."

ಇರಲ್ಲ ಎಂದ. ನನಗೂ ಹಾಗೇ ಅನ್ನಿಸಿತು. ಹಾಗೆ ಅನ್ನಿಸುವುದೇ ಅನುಕೂಲವಾಗಿತ್ತು.

ಜುಲೈ 23, ಗುರುವಾರ

ಮಗಳು ಬಂದಳು. ಮಾರ್ಲೀಸ್. ಮೂವತ್ತು ದಾಟಿರಬಹುದು. ವಿಮಾನ, ಬಸ್ಸು, ದೋಣಿ, ನೇರ ನನ್ನ ಗೇಟು. ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಳು. ಸಾರ್ಜೆಂಟ್ ಪಕ್ಕದಲ್ಲಿ ನಿಂತಿದ್ದ. ಫೋಟೊ ತೋರಿಸಿದಳು: ನೀಲಿ ಟೋಪಿ, ಕತ್ತರಿಸಿದ ಬಿಳಿ ಕೂದಲು, ಮೂಗು ಸುಟ್ಟುಕೊಂಡು ನಗುತ್ತಿರುವ ಹೆಂಗಸು.

"ಹೋದ ವರ್ಷ ಅಮ್ಮನ ಮೊಣಕಾಲಿಗೆ ಆಪರೇಷನ್ ಆಯ್ತು. ಇನ್ನು ಬೆಟ್ಟ ಹತ್ತೋದು ಬೇಡ ಅಂದ್ರು ಡಾಕ್ಟರು. ಹತ್ತಲ್ಲ, ಇಳೀತೀನಿ ಅಂತ ಇಲ್ಲಿಗೆ ಬಂದಳು. ಕೊನೆವರೆಗೆ ನಡೀತೀನಿ, ಸಮುದ್ರಕ್ಕೆ ಕಾಲಿಡ್ತೀನಿ ಅಂತಿದ್ದಳು. ಬರೋದಾದ್ರೆ ಬಾ ಅಂತ ನನ್ನನ್ನೂ ಕರೆದಳು. ನನಗೆ ರಜೆ ಇರಲಿಲ್ಲ."

ಆಮೇಲೆ ಕೇಳಿದಳು. "ನೀವು ಟಿಕೆಟ್ ತಗೊಂಡಾಗ ಅಮ್ಮ ಹೇಗಿದ್ದಳು? ಸಂತೋಷವಾಗಿದ್ದಳಾ?"

ಹೇಳಬೇಕಿತ್ತು. ಅಲ್ಲೇ. ಸಾರ್ಜೆಂಟ್ ಎದುರಿಗೇ. ಆದರೆ ಆ ಮುಖ ನೋಡಿದೆ. ಅವಳು ಅಷ್ಟು ದೂರದಿಂದ ಒಂದೇ ಒಂದು ಮಾತಿಗಾಗಿ ಬಂದಿದ್ದಳು. ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ.

"ನಗ್ತಾ ಇದ್ರಮ್ಮ," ಎಂದೆ. "ನೀಲಿ ಟೋಪಿ, ನೆನಪಿದೆ. ಸಮುದ್ರ ಯಾವ ಕಡೆ ಅಂತ ಕೇಳಿದ್ರು. ತೋರಿಸಿದೆ."

ಅವಳು ನನ್ನ ಎರಡೂ ಕೈ ಹಿಡಿದುಕೊಂಡು ಅತ್ತಳು. ಅಂತೂ ತಲುಪಿದಳಲ್ಲ, ತಲುಪಿದಳಲ್ಲ ಎನ್ನುತ್ತಿದ್ದಳು. ಸಾರ್ಜೆಂಟ್ ಜೇಬಿನಿಂದ ಪೆನ್ನು ತೆಗೆದು ಬರೆದುಕೊಂಡ.

ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು ಬೆನ್ನು ತಟ್ಟಿದ. "ಒಳ್ಳೇದಾಯ್ತು ವಾರ್ದಿಸ್, ಇದನ್ನ ಮೊದಲೇ ಹೇಳ್ಬಾರ್ದಾ? ಕಣ್ಣಾರೆ ನೋಡಿದೋನು ನೀನೇ ಇದೀಯ. ನಾಯೀನ ಸುಮ್ನೆ ಬೆಟ್ಟ ಹತ್ತಿಸೋದ್ಯಾಕೆ? ಬೇಡ ಅಂತ ಹೇಳ್ತೀನಿ."

ಸಂಜೆ ಅರ್ಗಿರೋ ಪಾತ್ರೆ ತೊಳೆಯುತ್ತಾ, ತಿರುಗದೆ — "ಶನಿವಾರ ನಾನೂ ಅಂಗಡೀಲೇ ಇದ್ದೆ. ಯಾವ ನೀಲಿ ಟೋಪಿ?"

ಒಂದೇ ತಟ್ಟೆಯನ್ನು ತುಂಬಾ ಹೊತ್ತು ತೊಳೆದಳು.

ಜುಲೈ 25, ಶನಿವಾರ

ನಿನ್ನೆ ಹುಷಾರಿಲ್ಲ ಎಂದು ಹೇಳಿ ಇಡೀ ದಿನ ಹತ್ತಿದೆ. ಮೂರು ಕೊರಕಲು ನೋಡಿದೆ. ಕಾಲಿನ ಉಗುರು ಕಿತ್ತುಹೋಗಿದೆ. ಸಿಕ್ಕಿದ್ದು ಯಾರದೋ ಹಳೆಯ ಬೂಟಿನ ಅಟ್ಟೆ, ಸತ್ತ ಮೇಕೆ.

ಇವತ್ತು ಗೇಟಿನಲ್ಲಿ ಕೂತು ಬಂದವರನ್ನೆಲ್ಲ ಕೇಳಿದೆ, ಏನಾದರೂ ಕೇಳಿಸಿತಾ, ಯಾರಾದರೂ ಕೂಗಿದರಾ. ಹಕ್ಕಿ ಕೂಗಿತು ಎಂದಳು ಒಬ್ಬಳು. 396. 396. ಒಂಬತ್ತು ಸಲ ಎಣಿಸಿದೆ.

ಮಾರ್ಲೀಸ್ ತೀರದಲ್ಲಿ ನಡೆಯುತ್ತಿದ್ದಾಳೆ. ಆ ತುದಿಯಿಂದ ಈ ತುದಿಗೆ. ಅಲೆಗಳನ್ನು ನೋಡುತ್ತಾ.

ಜುಲೈ 26, ಭಾನುವಾರ

ಸಿಕ್ಕಿದಳು.

ಸಿಫಿಸ್ ಫೋನ್ ಮಾಡಿದ. ಅವನೂ ಎರಡು ದಿನದಿಂದ ಮೇಲಿನಿಂದ ಹುಡುಕುತ್ತಿದ್ದನಂತೆ, ನನಗೆ ಹೇಳಿರಲಿಲ್ಲ. ರಣಹದ್ದು ಸುತ್ತುವುದನ್ನು ಕಂಡು ಹೋದನಂತೆ. ಪಾಳುಬಿದ್ದ ಚರ್ಚಿಗೆ ಹೋಗುವ ಕುರುಬರ ಹಳೇ ದಾರಿ. ದೊಡ್ಡ ದಾರಿಯಿಂದ ನಲವತ್ತು ನಿಮಿಷ ಒಳಗೆ. ಪ್ರವಾಸಿಗರು ಆ ಕಡೆ ಹೋಗುವುದಿಲ್ಲ. ಚರ್ಚು ನೋಡಲು ಹೋಗಿ ಕಾಲು ಜಾರಿದ್ದಾಳೆ. ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ.

"ಅಣ್ಣಾ, ಅಲ್ಲಿ ನೀರಿದೆ," ಎಂದ. ಅಳುತ್ತಿದ್ದ. "ಬಂಡೆ ಸಂದೀಲಿ ಸ್ವಲ್ಪ ಸ್ವಲ್ಪ ಒಸರ್ತಾ ಇದೆ. ಕೆಳಗೆ ಬಾಟ್ಲಿ ಇಟ್ಟಿದಾಳೆ. ಅರ್ಧ ತುಂಬಿದೆ ಅಣ್ಣಾ."

ಜುಲೈ 27, ಸೋಮವಾರ

ಡಾಕ್ಟರು ಹೇಳಿದ್ದು: ತೊಡೆಯ ಮೂಳೆ ಮುರಿದಿದೆ. ಗುರುವಾರ ಸಂಜೆಯವರೆಗಂತೂ ಜೀವ ಇತ್ತು. ಬಹುಶಃ ಶುಕ್ರವಾರವೂ.

ಇದನ್ನು ಬರೆದು ಪೆನ್ನು ಕೆಳಗಿಟ್ಟಿದ್ದೆ. ಮತ್ತೆ ತೆಗೆದುಕೊಂಡೆ. ಬೇರೇನು ಬರೆಯಲಿ.

ಸಾರ್ಜೆಂಟ್ ಕಥೆ ಕಟ್ಟಿ ಮುಗಿಸಿದ್ದಾನೆ. ಹೊರಗೆ ಬಂದಿದ್ದಾಳೆ, ಏನೋ ಮರೆತದ್ದು ನೆನಪಾಗಿದೆ, ಗೇಟು ಮುಚ್ಚಿದ ಮೇಲೆ ಯಾರಿಗೂ ಕಾಣದೆ ವಾಪಸ್ ಒಳಗೆ ಹೋಗಿದ್ದಾಳೆ. ವಾರ್ದಿಸ್ ಏನು ಮಾಡೋಕಾಗುತ್ತೆ ಪಾಪ ಎಂದ. ಎಲ್ಲರೂ ಹೌದು ಹೌದು ಎಂದರು. ನನ್ನನ್ನು ಯಾರೂ ಹಿಡಿಯುವುದಿಲ್ಲ. ಸುಟ್ಟ ಟಿಕೆಟ್ ಮಾತಾಡುವುದಿಲ್ಲ. ಅವಳ ಜೇಬಿನಲ್ಲಿದ್ದ 271 ಸಿಫಿಸನ ಕೈಸೇರಿದೆ. ಸಿಫಿಸನೂ ಮಾತಾಡುವುದಿಲ್ಲ. ಪೂರ್ತಿ ಪಾರಾದೆ.

ಅರ್ಗಿರೋ ತಂಗಿಯ ಮನೆಗೆ ಹೋಗಿದ್ದಾಳೆ. ಚೀಟಿ ಇಲ್ಲ, ಮಾತಿಲ್ಲ. ಬಾರ್ಲಿ ರೊಟ್ಟಿ ಡಬ್ಬಿಯಲ್ಲಿದೆ.

ಜುಲೈ 29, ಬುಧವಾರ, ನಾಲ್ಕೂವರೆ

ಮಾರ್ಲೀಸ್ ಇವತ್ತು ಅಮ್ಮನನ್ನು ಕರೆದುಕೊಂಡು ಹೋಗುತ್ತಾಳೆ. ಐದೂವರೆಯ ದೋಣಿ. ನನಗೆ ಹೇಳಿ ಹೋಗಲೆಂದು ಬಂದಳು. ಮೂರು ದಿನದಿಂದ ನಿದ್ದೆ ಮಾಡಿದ ಹಾಗಿಲ್ಲ. ಬೆಂಚಿನ ಮೇಲೆ ಕೂತು ಅದನ್ನೇ ಕೇಳಿದಳು, ಊರಲ್ಲಿ ಎಲ್ಲರನ್ನೂ ಕೇಳುತ್ತಿದ್ದಾಳಂತೆ.

"ಯಾಕೆ ವಾಪಸ್ ಹೋದಳು? ಸಮುದ್ರ ಎದುರಿಗೇ ಇತ್ತು. ಏನು ಮರೆತಿದ್ದಳು? ನಿಮ್ಮ ಹತ್ತಿರ ಏನಾದ್ರೂ ಹೇಳಿದಳಾ? ನನಗೆ ಒಂದು ಕಲ್ಲು ತರ್ತೀನಿ ಅಂದಿದ್ದಳು. ಅದಕ್ಕೇನಾದ್ರೂ..."

ಬದುಕಿಡೀ ಕೇಳುತ್ತಾಳೆ. ನನಗೆ ಕಾಣಿಸಿತು. ಆ ಕಲ್ಲಿಗಾಗಿ ಅಮ್ಮ ಸತ್ತಳು ಎಂದುಕೊಂಡೇ ಮುದುಕಿಯಾಗುತ್ತಾಳೆ.

"ವಾಪಸ್ ಹೋಗ್ಲಿಲ್ಲಮ್ಮ," ಎಂದೆ. "ಅವರು ಹೊರಗೆ ಬರಲೇ ಇಲ್ಲ. ನಾನು ನೋಡಲೇ ಇಲ್ಲ. ಒಂದು ಟಿಕೆಟ್ ಕಡಿಮೆ ಇತ್ತು. ಗೊತ್ತಿದ್ದೂ ಸರಿ ಇದೆ ಅಂತ ಬರೆದೆ."

ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಯಾವತ್ತು ಗೊತ್ತಾಯ್ತು?"

"ಶನಿವಾರ. ಐದು ಗಂಟೆ ಐದು ನಿಮಿಷಕ್ಕೆ."

ಅವಳು ಎಡಗೈ ತೆರೆದು ಬೆರಳು ಮಡಚತೊಡಗಿದಳು. ಅವಳದೇ ಭಾಷೆಯಲ್ಲಿ, ಸಣ್ಣ ದನಿಯಲ್ಲಿ. ದಿನಗಳ ಹೆಸರೆಂದು ತಿಳಿಯಿತು. ಶನಿವಾರ. ಭಾನುವಾರ. ಸೋಮವಾರ. ಮಂಗಳವಾರ. ಬುಧವಾರಕ್ಕೆ ಒಂದು ಕೈಯ ಬೆರಳುಗಳು ಮುಗಿದವು. ಆರನೆಯದಕ್ಕೆ ಇನ್ನೊಂದು ಕೈ ಎತ್ತಿದಳು. ಗುರುವಾರ. ಅಲ್ಲಿಗೆ ಬೆರಳು ನಿಂತಿತು. ಗುರುವಾರ ಅವಳು ಇದೇ ಬೆಂಚಿನ ಮೇಲೆ ಕೂತಿದ್ದಳು, ನನ್ನ ಎರಡೂ ಕೈ ಹಿಡಿದುಕೊಂಡು, ಆಗ ಮೇಲೆ ಕಣಿವೆಯಲ್ಲಿ ಅವಳ ಅಮ್ಮ ಇನ್ನೂ...